ಹಲ್ಲಿನ ಶಸ್ತ್ರಚಿಕಿತ್ಸೆಯಲ್ಲಿ ಮಂಪರು ಮದ್ದು: ರೋಗಿ ಮತ್ತು ಮನೆಯವರು ತಿಳಿದಿರಬೇಕಾದ್ದು

ಹಲ್ಲು ಕೀಳಿಸಿಕೊಳ್ಳುವುದೆಂದರೆ ಗಟ್ಟಿಗರೂ ಹಿಂಜರಿಯುತ್ತಾರೆ. ಹೊಲದಲ್ಲಿ ಹಾವು ಕಂಡರೂ ಹೆದರದವರು ದಂತವೈದ್ಯರ ಕುರ್ಚಿಯ ಮುಂದೆ ಬೆವರುತ್ತಾರೆ. ಸೂಜಿಯ ಭಯ, ಕೊರೆಯುವ ಯಂತ್ರದ ಸದ್ದು, ರಕ್ತ ಕಾಣುವ ಅಳುಕು, ಚಿಕ್ಕಂದಿನಲ್ಲಿ ಅನುಭವಿಸಿದ ನೋವಿನ ನೆನಪು ಎಲ್ಲವೂ ಇದಕ್ಕೆ ಕಾರಣ. ಮೇಲಿನ ಹಲ್ಲು ಕಿತ್ತರೆ ಕಣ್ಣಿನ ದೃಷ್ಟಿ ಹೋಗುತ್ತದೆ ಎಂಬ ತಪ್ಪು ನಂಬಿಕೆಯೂ ಹಲವರಲ್ಲಿದೆ. ಹಲ್ಲಿಗೂ ದೃಷ್ಟಿಗೂ ಅಂಥ ಸಂಬಂಧವಿಲ್ಲ.

ಈ ಭಯದಿಂದ ಆಗುವ ನಷ್ಟ ಸಣ್ಣದಲ್ಲ. ಹುಳುಕು ಹಲ್ಲನ್ನು ನೋವಿನ ಮಾತ್ರೆ ನುಂಗಿ, ಲವಂಗದ ಎಣ್ಣೆ ಹಚ್ಚಿ ತಿಂಗಳುಗಟ್ಟಲೆ ಮುಂದೂಡಿದರೆ ಬೇರಿನಲ್ಲಿ ಕೀವು ತುಂಬುತ್ತದೆ. ಅದು ದವಡೆಯ ಕೆಳಗೆ, ನಾಲಿಗೆಯ ಅಡಿಗೆ, ಕುತ್ತಿಗೆಗೆ ಹರಡಿದರೆ ಉಸಿರಾಟಕ್ಕೇ ಅಡ್ಡಿಯಾಗಬಹುದು. ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸ ಆಗ ಜೀವಕ್ಕೆ ಕುತ್ತು ತರುತ್ತದೆ.

ಇಂಥ ಭಯವುಳ್ಳವರಿಗೆ, ದವಡೆಯ ಮೂಳೆಯಲ್ಲಿ ಹುದುಗಿದ ಬುದ್ಧಿಹಲ್ಲನ್ನು ಕೊರೆದು ತೆಗೆಯಬೇಕಾದವರಿಗೆ, ಹಲವು ಹಲ್ಲುಗಳನ್ನು ಒಟ್ಟಿಗೆ ಕೀಳಿಸಬೇಕಾದವರಿಗೆ ಇಂದು ಮಂಪರು ಮದ್ದಿನ ಸೌಲಭ್ಯವಿದೆ. ಕೈಯ ರಕ್ತನಾಳಕ್ಕೆ ಸೂಜಿಯ ಮೂಲಕ ಔಷಧಿ ಕೊಟ್ಟು ರೋಗಿಯನ್ನು ಶಾಂತಗೊಳಿಸುವ ವಿಧಾನವಿದು. 'ಸೆಡೇಷನ್ ಕೊಡುತ್ತೇವೆ, ಏನೂ ಗೊತ್ತಾಗುವುದಿಲ್ಲ' ಎಂದು ವೈದ್ಯರು ಹೇಳಿದಾಗ ರೋಗಿಗೂ ಮನೆಯವರಿಗೂ ಹತ್ತಾರು ಪ್ರಶ್ನೆಗಳು ಏಳುತ್ತವೆ. ಪೂರ್ತಿ ಪ್ರಜ್ಞೆ ತಪ್ಪುತ್ತದೆಯೇ? ಮತ್ತೆ ಎಚ್ಚರವಾಗದಿದ್ದರೆ? ಅದೇ ದಿನ ಊರಿಗೆ ಹೋಗಬಹುದೇ? ಒಂದೊಂದಾಗಿ ನೋಡೋಣ.

ಮೂರು ಬೇರೆ ಬೇರೆ ವಿಧಾನಗಳು

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ನಮ್ಮಲ್ಲಿ 'ನರಕ್ಕೆ ಇಂಜೆಕ್ಷನ್' ಎಂಬ ಮಾತು ಬಳಕೆಯಲ್ಲಿದೆ. ಜನ ನರವೆಂದು ಕರೆಯುವುದು ಮುಂಗೈಯಲ್ಲಿ ನೀಲಿಯಾಗಿ ಕಾಣುವ ರಕ್ತನಾಳವನ್ನು, ಅಂದರೆ ಅಭಿಧಮನಿಯನ್ನು. ನಿಜವಾದ ನರವೆಂದರೆ ನೋವಿನ ಸುದ್ದಿಯನ್ನು ಮಿದುಳಿಗೆ ಒಯ್ಯುವ ತಂತು. ಹಲ್ಲಿನ ಚಿಕಿತ್ಸೆಯಲ್ಲಿ ಈ ಎರಡೂ ಜಾಗಗಳಿಗೆ ಬೇರೆ ಬೇರೆ ಮದ್ದು ಬೇರೆ ಬೇರೆ ಉದ್ದೇಶಕ್ಕೆ ಬಳಕೆಯಾಗುತ್ತದೆ.

ಮೊದಲನೆಯದು ಸ್ಥಳೀಯ ಅರಿವಳಿಕೆ. ಲಿಗ್ನೊಕೇನ್‌ನಂಥ ಔಷಧಿಯನ್ನು ಒಸಡಿಗೆ ಅಥವಾ ದವಡೆಯ ನರದ ಬಳಿಗೆ ಚುಚ್ಚುತ್ತಾರೆ. ಆ ಭಾಗ ಮಾತ್ರ ಮರಗಟ್ಟುತ್ತದೆ. ರೋಗಿಗೆ ಪೂರ್ತಿ ಎಚ್ಚರವಿರುತ್ತದೆ. ಬಹುಪಾಲು ಹಲ್ಲು ಕೀಳುವುದಕ್ಕೆ ಇಷ್ಟೇ ಸಾಕು.

ಎರಡನೆಯದು ಮಂಪರು ಮದ್ದು. ಇದು ರಕ್ತನಾಳದ ಮೂಲಕ ಮಿದುಳಿಗೆ ತಲುಪಿ ಭಯವನ್ನು ಇಳಿಸುತ್ತದೆ. ರೋಗಿಗೆ ಕಣ್ಣು ಎಳೆದಂತಾಗುತ್ತದೆ. ಆದರೂ 'ಬಾಯಿ ತೆರೆಯಿರಿ', 'ತಲೆ ಈ ಕಡೆ ತಿರುಗಿಸಿ' ಎಂದರೆ ಕೇಳಿಸಿಕೊಂಡು ಹಾಗೆಯೇ ಮಾಡುತ್ತಾನೆ. ಉಸಿರಾಟ ತಾನಾಗಿಯೇ ನಡೆಯುತ್ತಿರುತ್ತದೆ.

ಮೂರನೆಯದು ಪೂರ್ಣ ಅರಿವಳಿಕೆ. ಇದರಲ್ಲಿ ರೋಗಿ ಸಂಪೂರ್ಣ ಪ್ರಜ್ಞಾಹೀನನಾಗುತ್ತಾನೆ. ಅವನ ಉಸಿರಾಟವನ್ನು ಅರಿವಳಿಕೆ ತಜ್ಞರು ನೋಡಿಕೊಳ್ಳುತ್ತಾರೆ. ಇದಕ್ಕೆ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯೇ ಬೇಕು.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಸಾಮಾನ್ಯವಾಗಿ ಬಳಸುವ ಮಂಪರು ಮದ್ದು ನೋವನ್ನು ತೆಗೆಯುವುದಿಲ್ಲ. ಅದು ತೆಗೆಯುವುದು ಭಯವನ್ನು ಮತ್ತು ನೆನಪನ್ನು. ನೋವು ತೆಗೆಯಲು ಒಸಡಿನ ಚುಚ್ಚುಮದ್ದು ಬೇಕೇ ಬೇಕು. ಮಂಪರು ಬಂದ ಮೇಲೆ ಅದನ್ನು ಕೊಡುವುದರಿಂದ ಸೂಜಿ ಚುಚ್ಚಿದ್ದು ರೋಗಿಗೆ ಅಷ್ಟಾಗಿ ತಿಳಿಯುವುದಿಲ್ಲ.

ಹಲ್ಲಿನಿಂದಲೇ ಆರಂಭವಾದ ಕಥೆ

ಅರಿವಳಿಕೆಯ ಇತಿಹಾಸ ಹಲ್ಲಿನೊಂದಿಗೇ ಹೆಣೆದುಕೊಂಡಿದೆ. ಅಮೆರಿಕದ ಹಾರ್ಟ್‌ಫರ್ಡ್ ಎಂಬ ಊರಿನ ದಂತವೈದ್ಯ ಹೊರೇಸ್ ವೆಲ್ಸ್ 1844ರ ಡಿಸೆಂಬರ್‌ನಲ್ಲಿ ನಗೆ ಅನಿಲವನ್ನು ಸೇವಿಸಿ ತನ್ನದೇ ಹಲ್ಲನ್ನು ಕೀಳಿಸಿಕೊಂಡ. 1846ರ ಅಕ್ಟೋಬರ್ 16ರಂದು ಬಾಸ್ಟನ್ ನಗರದಲ್ಲಿ ಈಥರ್ ಅರಿವಳಿಕೆಯನ್ನು ಎಲ್ಲರೆದುರು ತೋರಿಸಿದ ವಿಲಿಯಂ ಮಾರ್ಟನ್ ಕೂಡ ದಂತವೈದ್ಯನೇ. ಸ್ವೀಡನ್ನಿನಲ್ಲಿ 1943ರಲ್ಲಿ ತಯಾರಾದ ಲಿಗ್ನೊಕೇನ್ ಇಂದಿಗೂ ಊರೂರಿನ ದಂತ ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿದೆ.

ಮಂಪರಿಗೆ 1960ರ ದಶಕದಲ್ಲಿ ಡಯಾಜೆಪಾಮ್ ಬಂತು. ಅದು ರಕ್ತನಾಳದಲ್ಲಿ ಉರಿ ತರುತ್ತಿತ್ತು. ಜೊತೆಗೆ ಅದು ದೇಹದಿಂದ ಪೂರ್ತಿ ಹೊರಹೋಗಲು ದಿನಗಳೇ ಬೇಕು. 1970ರ ದಶಕದಲ್ಲಿ ರೂಪುಗೊಂಡು 1980ರ ದಶಕದಲ್ಲಿ ಬಳಕೆಗೆ ಬಂದ ಮಿಡಜೋಲಾಮ್ ನೀರಿನಲ್ಲಿ ಕರಗುತ್ತದೆ, ಉರಿ ಕಡಿಮೆ, ಇಳಿಯುವುದೂ ಬೇಗ. ಹಲ್ಲಿನ ಶಸ್ತ್ರಚಿಕಿತ್ಸೆಯಲ್ಲಿ ಇಂದು ಹೆಚ್ಚಾಗಿ ಬಳಕೆಯಾಗುವ ಮಂಪರು ಮದ್ದು ಇದೇ. ಆದರೆ ಮೊದಲ ವರ್ಷಗಳಲ್ಲಿ ಇದನ್ನು ಹಳೆಯ ಔಷಧಿಯ ಅಳತೆಯಲ್ಲೇ ಬೇಗಬೇಗ ಕೊಟ್ಟದ್ದರಿಂದ ಅಮೆರಿಕದಲ್ಲಿ ಉಸಿರಾಟ ಕುಗ್ಗಿ ಸಾವುಗಳಾದವು. ಸ್ವಲ್ಪ ಸ್ವಲ್ಪವಾಗಿ, ನಡುವೆ ಕಾದು ನೋಡಿ ಕೊಡಬೇಕೆಂಬ ಪಾಠವನ್ನು ವೈದ್ಯಲೋಕ ಕಲಿತದ್ದು ಹೀಗೆ. ಇಂಗ್ಲೆಂಡಿನಲ್ಲಿ ದಂತ ಚಿಕಿತ್ಸಾಲಯಗಳಲ್ಲಿ ಪೂರ್ಣ ಅರಿವಳಿಕೆ ಕೊಡುವುದನ್ನೇ 2001ರ ಕೊನೆಗೆ ನಿಲ್ಲಿಸಿ, ಅದು ಆಸ್ಪತ್ರೆಯಲ್ಲಿ ಮಾತ್ರ ನಡೆಯಬೇಕೆಂದು ಗೊತ್ತುಮಾಡಲಾಯಿತು.

ಮದ್ದು ಮೈಯೊಳಗೆ ಮಾಡುವುದೇನು?

ನಮ್ಮ ಮಿದುಳಿನಲ್ಲಿ ಉದ್ವೇಗವನ್ನು ತಗ್ಗಿಸುವ ಸಹಜ ರಾಸಾಯನಿಕವೊಂದಿದೆ. ಅದರ ಹೆಸರು ಗಾಬಾ. ಮಿಡಜೋಲಾಮ್ ಗಾಬಾದ ಕೆಲಸಕ್ಕೆ ಬಲ ಕೊಡುತ್ತದೆ. ಓಡುವ ಗಾಡಿಗೆ ಇದ್ದ ಬ್ರೇಕನ್ನೇ ಇನ್ನಷ್ಟು ಬಿಗಿಗೊಳಿಸಿದ ಹಾಗೆ. ಪರಿಣಾಮವಾಗಿ ಆತಂಕ ಇಳಿಯುತ್ತದೆ, ಸ್ನಾಯುಗಳು ಸಡಿಲವಾಗುತ್ತವೆ, ನಿದ್ದೆ ಬಂದಂತಾಗುತ್ತದೆ.

ಔಷಧಿ ರಕ್ತನಾಳಕ್ಕೆ ಸೇರಿದ ಒಂದೆರಡು ನಿಮಿಷದಲ್ಲೇ ಮಂಪರು ಆರಂಭವಾಗುತ್ತದೆ. ಮಾತು ತೊದಲುತ್ತದೆ, ರೆಪ್ಪೆ ಭಾರವಾಗುತ್ತದೆ, ಬಿಗಿಹಿಡಿದಿದ್ದ ಮುಷ್ಟಿ ಸಡಿಲವಾಗುತ್ತದೆ. ವೈದ್ಯರು ಕೆಲಸ ಆರಂಭಿಸಲು ನೋಡುವ ಗುರುತುಗಳು ಇವೇ. ಕೆಲಸಕ್ಕೆ ಅನುಕೂಲವಾದ ಈ ಸ್ಥಿತಿ ಸುಮಾರು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಇರುತ್ತದೆ. ಹುದುಗಿದ ಒಂದು ಬುದ್ಧಿಹಲ್ಲನ್ನು ತೆಗೆಯಲು ಸಾಮಾನ್ಯವಾಗಿ ಇಷ್ಟು ಸಮಯ ಸಾಕು.

ಒಂದೇ ಅಳತೆ ಎಲ್ಲರಿಗೂ ಹೊಂದುವುದಿಲ್ಲ. ಇಪ್ಪತ್ತೈದರ ಯುವಕನಿಗೆ ಬೇಕಾಗುವ ಪ್ರಮಾಣ ಎಪ್ಪತ್ತರ ಅಜ್ಜನಿಗೆ ಅತಿಯಾಗುತ್ತದೆ. ಆದ್ದರಿಂದಲೇ ಒಂದು ಮಿಲಿಗ್ರಾಂನಷ್ಟು ಅಥವಾ ಇನ್ನೂ ಕಡಿಮೆ ಕೊಟ್ಟು, ಕೆಲವು ನಿಮಿಷ ಕಾದು, ಬೇಕೆನಿಸಿದರೆ ಮಾತ್ರ ಮತ್ತಷ್ಟು ಕೊಡುವುದು ಕ್ರಮ. ಮಂಪರಿಗೂ ಪೂರ್ಣ ಪ್ರಜ್ಞಾಹೀನತೆಗೂ ನಡುವೆ ಗೋಡೆಯಿಲ್ಲ, ಇಳಿಜಾರು ಇದೆ. ಕಾಲು ಜಾರದಂತೆ ನೋಡಿಕೊಳ್ಳುವುದೇ ವೈದ್ಯರ ಕೌಶಲ.

ಮರೆವು: ವರವೂ ಹೌದು, ಎಚ್ಚರಿಕೆಯೂ ಹೌದು

ಈ ಮದ್ದಿನ ವಿಚಿತ್ರ ಗುಣವೆಂದರೆ ಮರೆವು. ಔಷಧಿ ಕೊಟ್ಟ ನಂತರ ನಡೆದದ್ದು ನೆನಪಿನಲ್ಲಿ ಅಚ್ಚೊತ್ತುವುದಿಲ್ಲ. ರೋಗಿ ಕುರ್ಚಿಯಲ್ಲಿ ಮಾತಾಡಿರುತ್ತಾನೆ, ತಲೆ ತಿರುಗಿಸಿರುತ್ತಾನೆ, ಒಮ್ಮೊಮ್ಮೆ ನರಳಿರಲೂಬಹುದು. ಆದರೂ ಮರುದಿನ 'ಮಲಗಿದೆ, ಎದ್ದೆ, ಹಲ್ಲು ಹೋಗಿತ್ತು' ಎನ್ನುತ್ತಾನೆ. ಮಂಪರು ಮದ್ದಿಗೆ ಮುಂಚಿನ ಸಂಗತಿಗಳು ಮಾತ್ರ ಎಂದಿನಂತೆ ನೆನಪಿರುತ್ತವೆ.

ಭಯಸ್ಥರಿಗೆ ಇದು ವರ. ಕಹಿ ನೆನಪು ಉಳಿಯದ ಕಾರಣ ಮುಂದಿನ ಸಲ ಬರಲು ಹಿಂಜರಿಯುವುದಿಲ್ಲ. ಆದರೆ ಇದೇ ಮರೆವಿನಿಂದ ತೊಂದರೆಯೂ ಉಂಟು. ಚಿಕಿತ್ಸೆ ಮುಗಿದ ಮೇಲೆ ವೈದ್ಯರು ಹೇಳಿದ ಪಥ್ಯ, ಮಾತ್ರೆಯ ವೇಳೆ, ಹತ್ತಿ ತೆಗೆಯುವ ಸಮಯ ಯಾವುದೂ ರೋಗಿಯ ತಲೆಯಲ್ಲಿ ನಿಲ್ಲುವುದಿಲ್ಲ. ಅವನು 'ಹೂಂ, ಹೂಂ' ಎಂದು ತಲೆಯಾಡಿಸಿದರೂ ಒಂದು ಗಂಟೆಯ ನಂತರ ಏನೂ ನೆನಪಿರುವುದಿಲ್ಲ. ಆದ್ದರಿಂದ ಸೂಚನೆಗಳನ್ನು ಜೊತೆಯಲ್ಲಿ ಬಂದವರು ಕೇಳಿಸಿಕೊಳ್ಳಬೇಕು. ಚೀಟಿಯಲ್ಲಿ ಕನ್ನಡದಲ್ಲಿ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವುದೂ ಮದ್ದು ಕೊಡುವ ಮುಂಚೆಯೇ ಆಗಬೇಕು.

ಕೆಲವರಿಗೆ ಮಂಪರಿನಲ್ಲಿ ನಿಜವೆಂದೇ ತೋರುವ ಕನಸುಗಳು ಬೀಳುವುದುಂಟು. ಇದರಿಂದ ತಪ್ಪು ಕಲ್ಪನೆಗಳು ಹುಟ್ಟಬಾರದೆಂದೂ, ರೋಗಿಯ ಮಾನ ಮತ್ತು ಸುರಕ್ಷತೆಗಾಗಿಯೂ ಚಿಕಿತ್ಸೆಯುದ್ದಕ್ಕೂ ಕೊಠಡಿಯಲ್ಲಿ ಇನ್ನೊಬ್ಬ ಸಿಬ್ಬಂದಿ ಇರಲೇಬೇಕು. ಮಹಿಳೆಯರ ಚಿಕಿತ್ಸೆಯಲ್ಲಿ ಮಹಿಳಾ ಸಹಾಯಕಿ ಇರಬೇಕೆಂದು ಕೇಳಲು ಸಂಕೋಚ ಬೇಡ.

ಅಪರೂಪಕ್ಕೆ ಮದ್ದು ತಿರುಗುಮುರುಗಾಗಿ ಕೆಲಸ ಮಾಡುತ್ತದೆ. ಶಾಂತವಾಗಬೇಕಾದವರು ಅಳುತ್ತಾರೆ, ಕೈಕಾಲು ಬಡಿಯುತ್ತಾರೆ, ಏಳಲು ನೋಡುತ್ತಾರೆ. ಮಕ್ಕಳಲ್ಲಿ, ವೃದ್ಧರಲ್ಲಿ, ಹೆಚ್ಚು ಕುಡಿಯುವವರಲ್ಲಿ ಹೀಗಾಗುವ ಸಂಭವ ಜಾಸ್ತಿ. ಆಗ ಇನ್ನಷ್ಟು ಮದ್ದು ಸುರಿಯದೆ ಕೆಲಸ ನಿಲ್ಲಿಸಿ ಕಾಯುವುದೇ ಜಾಣತನ.

ಅಪಾಯವಿರುವುದು ಉಸಿರಿನಲ್ಲಿ

ಮಂಪರು ಮದ್ದಿನಿಂದ ರಕ್ತದೊತ್ತಡ ಕೊಂಚ ಇಳಿಯಬಹುದು, ನಾಡಿ ಕೊಂಚ ಏರಬಹುದು. ಆರೋಗ್ಯವಂತರಿಗೆ ಇದರಿಂದ ತೊಂದರೆಯಿಲ್ಲ. ನಿಜವಾದ ಎಚ್ಚರ ಬೇಕಾದದ್ದು ಉಸಿರಾಟದ ವಿಷಯದಲ್ಲಿ. ಮದ್ದು ಹೆಚ್ಚಾದರೆ ಉಸಿರು ಮೇಲುಮೇಲಾಗುತ್ತದೆ. ಗಂಟಲಿನ ಸ್ನಾಯು ಸಡಿಲಗೊಂಡು ನಾಲಿಗೆ ಹಿಂದಕ್ಕೆ ಬಿದ್ದರೆ ಗಾಳಿಯ ದಾರಿಯೇ ಮುಚ್ಚುತ್ತದೆ. ನೋವು ನಿವಾರಕವಾದ ಅಫೀಮು ವರ್ಗದ ಚುಚ್ಚುಮದ್ದನ್ನು ಇದರ ಜೊತೆ ಸೇರಿಸಿದರೆ ಅಪಾಯ ಇನ್ನೂ ಹೆಚ್ಚು.

ಹಲ್ಲಿನ ಚಿಕಿತ್ಸೆಯಲ್ಲಿ ಇದು ಮತ್ತಷ್ಟು ಸೂಕ್ಷ್ಮ. ವೈದ್ಯರು ಕೆಲಸ ಮಾಡುವ ಬಾಯಿಯೇ ರೋಗಿ ಉಸಿರಾಡುವ ದಾರಿಯ ಹೆಬ್ಬಾಗಿಲು. ಅಲ್ಲಿ ರಕ್ತ ಸೋರುತ್ತದೆ, ಯಂತ್ರದ ನೀರು ತುಂಬುತ್ತದೆ, ಹಲ್ಲಿನ ಚೂರು ಬೀಳುತ್ತದೆ. ಎಚ್ಚರವಿದ್ದಾಗ ನಾವು ಕೆಮ್ಮಿ ಹೊರಹಾಕುತ್ತೇವೆ. ಮಂಪರಿನಲ್ಲಿ ಆ ಚುರುಕು ಕಡಿಮೆ. ಆದ್ದರಿಂದ ಗಂಟಲಿಗೆ ಅಡ್ಡವಾಗಿ ಬಟ್ಟೆಯ ತೆರೆ ಇಟ್ಟು, ಹೀರುವ ಯಂತ್ರದಿಂದ ದ್ರವವನ್ನು ತೆಗೆಯುತ್ತಿರಬೇಕು.

ಉಸಿರಿನ ಕಾವಲಿಗೆ ಇರುವ ಸುಲಭ ಸಾಧನ ಪಲ್ಸ್ ಆಕ್ಸಿಮೀಟರ್. ಇದರ ತತ್ವವನ್ನು 1970ರ ದಶಕದ ಆರಂಭದಲ್ಲಿ ಕಂಡುಹಿಡಿದವರು ಜಪಾನಿನ ಎಂಜಿನಿಯರ್ ತಾಕುವೊ ಅಯೋಯಾಗಿ. ಬೆರಳಿಗೆ ಸಿಕ್ಕಿಸುವ ಈ ಪುಟ್ಟ ಯಂತ್ರ ಕೊರೋನಾ ಕಾಲದಲ್ಲಿ ಮನೆಮನೆಗೂ ಪರಿಚಯವಾಯಿತು. ಸಾಮಾನ್ಯವಾಗಿ ಅದರಲ್ಲಿ 95ರಿಂದ 100ರ ನಡುವಿನ ಅಂಕಿ ಕಾಣಬೇಕು. ಅದು ಇಳಿಯತೊಡಗಿದ ಕೂಡಲೇ ಕೆಲಸ ನಿಲ್ಲಿಸಿ, ಗದ್ದವನ್ನು ಮೇಲೆತ್ತಿ, ರೋಗಿಯನ್ನು ಎಬ್ಬಿಸಿ ದೀರ್ಘವಾಗಿ ಉಸಿರಾಡಲು ಹೇಳಿ, ಆಮ್ಲಜನಕ ಕೊಡಬೇಕು. 90ಕ್ಕಿಂತ ಕೆಳಗಿಳಿದರೆ ಅದು ಅಪಾಯದ ಗಂಟೆ. ಉಗುರಿಗೆ ಬಣ್ಣವಿದ್ದರೆ ಅಂಕಿ ತಪ್ಪಾಗಬಹುದು, ಹಿಂದಿನ ದಿನವೇ ಅಳಿಸಿಕೊಂಡು ಹೋಗಿ. ಆಮ್ಲಜನಕದ ಬೆಲೆ ಏನೆಂಬುದನ್ನು ಚಾಮರಾಜನಗರ ಜಿಲ್ಲೆಗೆ ಹೊಸದಾಗಿ ಹೇಳಬೇಕಿಲ್ಲ. 2021ರ ಮೇ ತಿಂಗಳಲ್ಲಿ ಅದನ್ನು ಕಣ್ಣೀರಿನಿಂದ ಕಲಿತ ಜಿಲ್ಲೆ ಇದು.

ಮಿಡಜೋಲಾಮ್‌ಗೆ ಪ್ರತಿಮದ್ದೂ ಇದೆ. ಅದು ಫ್ಲೂಮಜೆನಿಲ್. ರಕ್ತನಾಳಕ್ಕೆ ಕೊಟ್ಟ ಒಂದೆರಡು ನಿಮಿಷದಲ್ಲಿ ರೋಗಿ ಎಚ್ಚರಗೊಳ್ಳುತ್ತಾನೆ. ಆದರೆ ಅದರ ಪ್ರಭಾವ ಬೇಗ ಮುಗಿದು, ಮೈಯಲ್ಲಿ ಉಳಿದಿರುವ ಮಂಪರು ಮತ್ತೆ ಆವರಿಸಬಹುದು. ಆದ್ದರಿಂದ ಪ್ರತಿಮದ್ದು ಕೊಡಿಸಿಕೊಂಡವರನ್ನು ಬೇಗ ಮನೆಗೆ ಕಳುಹಿಸದೆ ಇನ್ನೂ ಹೆಚ್ಚು ಹೊತ್ತು ಕಣ್ಗಾವಲಿನಲ್ಲಿ ಇಡಬೇಕು.

ಯಾರು ವಿಶೇಷ ಎಚ್ಚರ ವಹಿಸಬೇಕು?

ಕೆಳಗಿನವರಿಗೆ ಸಾಮಾನ್ಯ ಚಿಕಿತ್ಸಾಲಯದ ಕುರ್ಚಿಯಲ್ಲಿ ಮಂಪರು ಮದ್ದು ಸರಿಯಲ್ಲ, ಇಲ್ಲವೇ ಬಹಳ ಯೋಚಿಸಿ ಕೊಡಬೇಕಾಗುತ್ತದೆ.

* ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ, ಉಬ್ಬಸ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರು.

* ಜೋರಾಗಿ ಗೊರಕೆ ಹೊಡೆಯುವವರು, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗಿ ಎಚ್ಚೆತ್ತುಕೊಳ್ಳುವವರು, ಅತಿ ಸ್ಥೂಲಕಾಯರು.

* ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆಯವರು. ಇವರಲ್ಲಿ ಮದ್ದು ನಿಧಾನವಾಗಿ ಇಳಿಯುತ್ತದೆ.

* ಗರ್ಭಿಣಿಯರು. ಹಾಲೂಡಿಸುವ ತಾಯಂದಿರು ಮಗುವಿಗೆ ಯಾವಾಗ ಹಾಲು ಕೊಡಬಹುದೆಂದು ಮೊದಲೇ ವೈದ್ಯರನ್ನು ಕೇಳಬೇಕು.

* ಮುಖ ಊದಿ, ಬಾಯಿ ತೆರೆಯಲಾಗದೆ, ನುಂಗಲು ಕಷ್ಟಪಡುತ್ತಿರುವವರು. ಕೀವು ಕುತ್ತಿಗೆಗೆ ಇಳಿದಿರುವ ಇಂಥವರಿಗೆ ಆಸ್ಪತ್ರೆಯೇ ಸುರಕ್ಷಿತ.

* ಚಿಕ್ಕ ಮಕ್ಕಳು. ಇವರಿಗೆ ಸಮಾಧಾನದ ಮಾತು, ನಗೆ ಅನಿಲ, ಅಗತ್ಯವಿದ್ದರೆ ಆಸ್ಪತ್ರೆಯಲ್ಲಿ ಪೂರ್ಣ ಅರಿವಳಿಕೆ ಮೇಲು.

ಈಗಾಗಲೇ ಸೇವಿಸುತ್ತಿರುವ ಔಷಧಿಗಳೂ ಮುಖ್ಯ. ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್, ಫಂಗಸ್ ಸೋಂಕಿಗೆ ಕೊಡುವ ಫ್ಲೂಕೊನಜೋಲ್, ಹೃದಯಕ್ಕೆ ಕೊಡುವ ಡಿಲ್ಟಿಯಜೆಮ್, ವೆರಪಮಿಲ್ ಮುಂತಾದವು ಮಿಡಜೋಲಾಮ್ ಇಳಿಯದಂತೆ ತಡೆದು ಮಂಪರನ್ನು ಉದ್ದಗೊಳಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆ ರೋಗದ ಫೆನಿಟಾಯಿನ್ ಇದಕ್ಕೆ ವಿರುದ್ಧವಾಗಿ ಪ್ರಭಾವವನ್ನು ತಗ್ಗಿಸುತ್ತವೆ. ಹೆಸರು ನೆನಪಿರದಿದ್ದರೆ ಮಾತ್ರೆಯ ಪಟ್ಟಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಕೊಟ್ಟ ವೈದ್ಯರನ್ನು ಕೇಳಿ.

ಕುಡಿತದ ವಿಷಯವನ್ನು ಹೆಂಡತಿಯ ಎದುರಿಗೋ ಮಗನ ಎದುರಿಗೋ ಹೇಳಲು ಹಲವರು ನಾಚುತ್ತಾರೆ. ಅಗತ್ಯವಿದ್ದರೆ ವೈದ್ಯರೊಡನೆ ಒಬ್ಬರೇ ಮಾತಾಡಿ, ಆದರೆ ಮುಚ್ಚಿಡಬೇಡಿ. ಹೊಟ್ಟೆಯಲ್ಲಿ ಮದ್ಯವಿರುವಾಗ ಮಂಪರು ಮದ್ದು ಸೇರಿದರೆ ಉಸಿರೇ ನಿಲ್ಲಬಹುದು.

ಕಾಡಂಚಿನ ಊರುಗಳಿಗೆ ಒಂದು ಮಾತು

ನಮ್ಮ ಜಿಲ್ಲೆಯಲ್ಲಿ ವಿಶೇಷವಾಗಿ ನೆನಪಿಡಬೇಕಾದ ಇನ್ನೊಂದು ಕಾಯಿಲೆ ಸಿಕಲ್ ಸೆಲ್ ರಕ್ತಹೀನತೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ, ಬಂಡೀಪುರದಂಚಿನ ಜೇನುಕುರುಬರಂಥ ಇತರ ಗಿರಿಜನರಲ್ಲಿಯೂ ಇದು ಕಂಡುಬರುತ್ತದೆ. ತಂದೆತಾಯಿಯರಿಂದ ಮಕ್ಕಳಿಗೆ ಬರುವ ಈ ಕಾಯಿಲೆಯಲ್ಲಿ, ಆಮ್ಲಜನಕ ಕಡಿಮೆಯಾದಾಗ ದುಂಡಗಿನ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುತ್ತವೆ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತೀವ್ರ ನೋವು ಮತ್ತು ಅಂಗಗಳಿಗೆ ಹಾನಿ ತರುತ್ತವೆ. ಚಳಿ, ಮೈಯಲ್ಲಿ ನೀರು ಕಡಿಮೆಯಾಗುವುದು, ಸೋಂಕು ಕೂಡ ಇದನ್ನು ಕೆರಳಿಸುತ್ತವೆ.

ಮಂಪರು ಮದ್ದಿಗೂ ಇದಕ್ಕೂ ಇರುವ ಸಂಬಂಧ ಸ್ಪಷ್ಟ. ಬೇರೆಯವರಲ್ಲಿ ಆಮ್ಲಜನಕ ಸ್ವಲ್ಪ ಇಳಿದರೆ ಸರಿಪಡಿಸಲು ಸಮಯವಿದೆ. ಸಿಕಲ್ ಸೆಲ್ ಕಾಯಿಲೆಯವರಲ್ಲಿ ಅಷ್ಟೇ ಇಳಿತ ದೊಡ್ಡ ಸಂಕಟಕ್ಕೆ ದಾರಿಯಾಗಬಹುದು. ಇವರಿಗೆ ಮಂಪರು ಬೇಕಾದರೆ ಅರಿವಳಿಕೆ ತಜ್ಞರು, ಆಮ್ಲಜನಕ, ರಕ್ತನಾಳದ ಮೂಲಕ ದ್ರವ, ಬೆಚ್ಚಗಿನ ಹೊದಿಕೆ ಎಲ್ಲವೂ ಇರುವ ಆಸ್ಪತ್ರೆಯೇ ಆಗಬೇಕು. ಒಂದೇ ಪಾಲು ದೋಷ ಪಡೆದ, ಕಾಯಿಲೆಯ ಲಕ್ಷಣವಿಲ್ಲದ ವಾಹಕರಿಗೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಆದರೂ ವೈದ್ಯರಿಗೆ ತಿಳಿಸಬೇಕು. ಕೇಂದ್ರ ಸರ್ಕಾರ 2023ರಲ್ಲಿ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನವನ್ನು ಆರಂಭಿಸಿ ಗಿರಿಜನರಿರುವ ಪ್ರದೇಶಗಳಲ್ಲಿ ರಕ್ತಪರೀಕ್ಷೆ ನಡೆಸುತ್ತಿದೆ. ಪರೀಕ್ಷೆಯಾಗಿ ಕಾರ್ಡು ಸಿಕ್ಕಿದ್ದರೆ ಅದನ್ನು ದಂತವೈದ್ಯರಿಗೂ ತೋರಿಸಿ. ಹಲ್ಲಿಗೂ ರಕ್ತಕ್ಕೂ ಏನು ಸಂಬಂಧ ಎಂದುಕೊಳ್ಳಬೇಡಿ.

ಹೋಗುವ ಮುನ್ನ

ಮಂಪರಿನಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ಅದಕ್ಕಾಗಿ ಹೊಟ್ಟೆ ಖಾಲಿಯಿರಬೇಕೆಂದು ಹೇಳುತ್ತಾರೆ. ಸಾಮಾನ್ಯ ನಿಯಮವೆಂದರೆ ಗಟ್ಟಿ ಆಹಾರ ನಿಲ್ಲಿಸಿ ಆರು ಗಂಟೆ, ತಿಳಿ ನೀರು ನಿಲ್ಲಿಸಿ ಎರಡು ಗಂಟೆ. 'ಊಟ ಮಾಡಲಿಲ್ಲ, ಒಂದು ಲೋಟ ರಾಗಿ ಅಂಬಲಿ ಕುಡಿದೆ ಅಷ್ಟೆ' ಎನ್ನುವವರಿದ್ದಾರೆ. ಅಂಬಲಿ, ಹಾಲು, ಮಜ್ಜಿಗೆ, ಹಾಲು ಬೆರೆಸಿದ ಕಾಫಿ ಎಲ್ಲವೂ ಆಹಾರವೇ. ಎಲೆ ಅಡಿಕೆ, ಹೊಗೆಸೊಪ್ಪು, ಬೀಡಿಯೂ ಬೇಡ. ಮುದ್ದೆ ಉಂಡದ್ದಾದರೆ ಇನ್ನೂ ಹೆಚ್ಚು ಹೊತ್ತು ಬಿಡುವುದು ಲೇಸು. ಅಕಸ್ಮಾತ್ ತಿಂದುಬಿಟ್ಟಿದ್ದರೆ ಹೇಳಿಬಿಡಿ. ದಿನ ಮುಂದೆ ಹೋಗುತ್ತದೆ, ಅಷ್ಟೇ.

ಸಕ್ಕರೆ ಕಾಯಿಲೆಯವರು ಉಪವಾಸವಿದ್ದು ಎಂದಿನಂತೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡರೆ ಸಕ್ಕರೆ ಅಂಶ ಅಪಾಯಕರವಾಗಿ ಇಳಿಯುತ್ತದೆ. ಮಂಪರಿನಲ್ಲಿ ಅದು ಗೊತ್ತೂ ಆಗುವುದಿಲ್ಲ. ಬೆಳಗಿನ ಮೊದಲ ಸರದಿ ಕೇಳಿಕೊಂಡು, ಮಾತ್ರೆಯ ಬಗ್ಗೆ ವೈದ್ಯರ ಸೂಚನೆ ಪಡೆಯಬೇಕು. ರಕ್ತದೊತ್ತಡದ ಮಾತ್ರೆಯನ್ನು ಆ ದಿನ ಹೇಗೆ ತೆಗೆದುಕೊಳ್ಳಬೇಕೆಂಬುದನ್ನೂ ಆಗಲೇ ಕೇಳಿಕೊಳ್ಳಿ. ಸಡಿಲ ಬಟ್ಟೆ ಧರಿಸಿ, ತೋಳು ಮೇಲೇರಿಸಲು ಬರುವಂತಿರಲಿ. ಕಟ್ಟಿಸಿದ ಹಲ್ಲಿನ ಸೆಟ್ಟು ಇದ್ದರೆ ತಿಳಿಸಿ.

ವೈದ್ಯರನ್ನು ಕೆಲವು ಪ್ರಶ್ನೆ ಕೇಳುವುದು ಉದ್ಧಟತನವಲ್ಲ. ಮಂಪರು ಮದ್ದು ಕೊಡುವವರು ಯಾರು? ಹಲ್ಲು ತೆಗೆಯುವವರಲ್ಲದೆ ನನ್ನ ಉಸಿರು, ನಾಡಿ ನೋಡಿಕೊಳ್ಳಲು ತರಬೇತಿ ಪಡೆದ ಇನ್ನೊಬ್ಬರಿರುತ್ತಾರೆಯೇ? ಆಕ್ಸಿಮೀಟರ್, ಆಮ್ಲಜನಕ, ಪ್ರತಿಮದ್ದು ಇವೆಯೇ? ತೊಂದರೆಯಾದರೆ ಯಾವ ಆಸ್ಪತ್ರೆಗೆ ಒಯ್ಯುತ್ತೀರಿ? ಒಳ್ಳೆಯ ವೈದ್ಯರು ಇವಕ್ಕೆ ಸಿಟ್ಟಾಗುವುದಿಲ್ಲ. ಪ್ರೊಪೊಫಾಲ್, ಕೆಟಮಿನ್‌ನಂಥ ಇನ್ನೂ ಪ್ರಬಲ ಮದ್ದುಗಳಾದರೆ ಅರಿವಳಿಕೆ ತಜ್ಞರೇ ಇರಬೇಕು. ಅಂಥ ವ್ಯವಸ್ಥೆಯಿಲ್ಲದ ಕಡೆ ಬರೀ ಒಸಡಿನ ಚುಚ್ಚುಮದ್ದಿನಲ್ಲಿ ಕೆಲಸ ಮುಗಿಸುವುದೇ ಎಷ್ಟೋ ಮೇಲು. ದೊಡ್ಡ ಕಾಯಿಲೆಗಳಿರುವವರು ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿಯೋ ಮೈಸೂರಿನ ದಂತ ವೈದ್ಯಕೀಯ ಕಾಲೇಜುಗಳಲ್ಲಿಯೋ ಮೊದಲು ವಿಚಾರಿಸಬಹುದು.

ಊರಿಗೆ ಹಿಂತಿರುಗುವ ದಾರಿ

ರೋಗಿ ಕಣ್ಣು ಬಿಟ್ಟು, 'ನಾನು ಚೆನ್ನಾಗಿದ್ದೇನೆ' ಎಂದ ಮಾತ್ರಕ್ಕೆ ಮದ್ದು ಇಳಿದಿದೆ ಎಂದಲ್ಲ. ಮಿಡಜೋಲಾಮ್ ಪ್ರಮಾಣ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಎರಡು ಗಂಟೆ ಬೇಕು. ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ತಾನು ಸರಿಯಾಗಿದ್ದೇನೆ ಎಂಬ ಭಾವನೆ ಮೊದಲು ಬರುತ್ತದೆ. ಕೈಕಾಲಿನ ಹಿಡಿತ, ದೂರ ಅಳೆಯುವ ಶಕ್ತಿ, ವಿವೇಚನೆ ಆಮೇಲೆ ಬರುತ್ತವೆ. ಅವಘಡಗಳಾಗುವುದು ಈ ನಡುವಿನ ಹೊತ್ತಿನಲ್ಲಿ.

ಗುಂಡ್ಲುಪೇಟೆಯಿಂದಾಗಲಿ ಚಾಮರಾಜನಗರದಿಂದಾಗಲಿ ಮೈಸೂರಿಗೆ ಸುಮಾರು 60 ಕಿಲೋಮೀಟರ್. ಅಷ್ಟು ದೂರ ಬೈಕಿನಲ್ಲಿ ಹೋಗಿ, ಹಲ್ಲು ತೆಗೆಸಿಕೊಂಡು, ಅದೇ ಬೈಕನ್ನು ತಾನೇ ಓಡಿಸಿಕೊಂಡು ಬರುತ್ತೇನೆ ಎನ್ನುವುದು ಅಪಾಯಕ್ಕೆ ಆಹ್ವಾನ. ಹಿಂದೆ ಕುಳಿತು ಬರುವುದೂ ಬೇಡ. ತೂಕಡಿಸಿ ಜಾರಿ ಬೀಳಬಹುದು. ಕಾರು ಅಥವಾ ಬಸ್ಸು ಒಳ್ಳೆಯದು. ಬಸ್ಸಿನಲ್ಲಾದರೆ ಕಿಟಕಿಯ ಬದಿಗೆ ಕೂರಿಸಿ, ಜೊತೆಯವರು ಪಕ್ಕದಲ್ಲೇ ಕೂರಬೇಕು. ಜೊತೆಗೆ ಬರುವವರು ವಯಸ್ಕರಾಗಿರಲಿ, ಬೇರೆ ಮಗುವನ್ನು ಎತ್ತಿಕೊಂಡು ಬರುವವರಾಗಬಾರದು. ಬಂಡೀಪುರದ ಆಚೆಯಿಂದ ಬರುವವರು ಬೆಳಿಗ್ಗೆಯೇ ಚಿಕಿತ್ಸೆ ಮುಗಿಯುವಂತೆ ನೋಡಿಕೊಳ್ಳಬೇಕು. ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ಮಂಪರಿನಲ್ಲಿರುವ ರೋಗಿಯೊಡನೆ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಕೊಳ್ಳುವ ಪಾಡು ಬೇಡ.

ಮನೆಯಲ್ಲಿ ಇಪ್ಪತ್ತನಾಲ್ಕು ಗಂಟೆ

* ಗಾಯದ ಮೇಲಿಟ್ಟ ಹತ್ತಿಬಟ್ಟೆಯನ್ನು ಹೇಳಿದ ಸಮಯಕ್ಕೆ ತೆಗೆಯಿರಿ. ಅದು ಬಾಯಲ್ಲಿರುವಾಗ ರೋಗಿಯನ್ನು ನಿದ್ದೆ ಹೋಗಲು ಬಿಡಬೇಡಿ. ಗಂಟಲಿಗೆ ಜಾರಬಹುದು.

* ಎರಡು ದಿಂಬಿಟ್ಟು ತಲೆ ಎತ್ತರಿಸಿ ಮಲಗಿಸಿ. ಮೊದಲ ಕೆಲವು ಗಂಟೆ ಒಬ್ಬರು ಹತ್ತಿರವಿದ್ದು, ಕರೆದರೆ ಓಗೊಡುತ್ತಾರೆಯೇ ಎಂದು ಆಗಾಗ ನೋಡಿ.

* ತುಟಿ, ನಾಲಿಗೆ ಮರಗಟ್ಟಿರುವ ತನಕ ಬಿಸಿ ಸಾರು, ಬಿಸಿ ಮುದ್ದೆ ಬೇಡ. ಸುಟ್ಟದ್ದೂ, ಕಚ್ಚಿಕೊಂಡದ್ದೂ ಗೊತ್ತಾಗುವುದಿಲ್ಲ. ತಣ್ಣಗಿನ ಗಂಜಿ, ಮೊಸರನ್ನ ಸಾಕು.

* ಒಬ್ಬರೇ ಸ್ನಾನದ ಮನೆಗೆ, ಮೆಟ್ಟಿಲ ಮೇಲಕ್ಕೆ ಹೋಗದಿರಲಿ. ಹೆಂಗಸರು ಆ ದಿನ ಒಲೆಯ ಮುಂದೆ ನಿಲ್ಲಬಾರದು. ಅಡುಗೆಯನ್ನು ಮನೆಯ ಉಳಿದವರು ನೋಡಿಕೊಳ್ಳಲಿ.

* ಬೈಕು, ಟ್ರ್ಯಾಕ್ಟರ್ ಓಡಿಸುವುದು, ಪಂಪ್‌ಸೆಟ್ ಹಾಕುವುದು, ಮೇವು ಕತ್ತರಿಸುವ ಯಂತ್ರದ ಬಳಿ ಹೋಗುವುದು ಬೇಡ. ಕಾಡಂಚಿನ ರೈತರು ಆ ರಾತ್ರಿ ಹೊಲದ ಕಾವಲಿಗೆ ಹೋಗಬಾರದು. ಆನೆ ಬಂದರೆ ಓಡುವ ಚುರುಕು ಮೈಯಲ್ಲಿರುವುದಿಲ್ಲ.

* ಸಾಲಪತ್ರ, ಜಮೀನಿನ ಕಾಗದ ಯಾವುದಕ್ಕೂ ರುಜು ಹಾಕಬೇಡಿ. ಮದ್ಯ ಮುಟ್ಟಬೇಡಿ. ವೈದ್ಯರು ಹೇಳದ ನಿದ್ದೆ ಮಾತ್ರೆ, ಕೆಮ್ಮಿನ ಔಷಧಿ ಬೇಡ.

ಕೈಗೆ ಸೂಜಿ ಹಾಕಿದ ಜಾಗ ಕೊಂಚ ನೀಲಿಯಾಗುವುದು, ತಲೆ ಭಾರ, ಒಂದೆರಡು ಸಲ ವಾಕರಿಕೆ ಸಹಜ. ಆದರೆ ಕರೆದರೆ ಎಚ್ಚರವಾಗದಿದ್ದರೆ, ಉಸಿರು ನಿಧಾನವಾಗಿ ಗೊರಗೊರ ಎನ್ನುತ್ತಿದ್ದರೆ, ತುಟಿ ನೀಲಿಯಾದರೆ ತಡಮಾಡದೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗದ್ದವನ್ನು ಮೇಲೆತ್ತಿ ಹಿಡಿದು 108ಕ್ಕೆ ಕರೆ ಮಾಡಿ. ರಕ್ತ ನಿಲ್ಲದಿದ್ದರೆ, ಪದೇ ಪದೇ ವಾಂತಿಯಾದರೆ, ಜ್ವರ ಬಂದು ಊತ ಹೆಚ್ಚಾದರೆ ಕೂಡಲೇ ವೈದ್ಯರನ್ನು ಕಾಣಿ.

ಸರಿಯಾಗಿ ಆರಿಸಿದ ರೋಗಿಗೆ, ತರಬೇತಿ ಪಡೆದವರು, ಬೇಕಾದ ಸಲಕರಣೆಗಳೊಂದಿಗೆ ಕೊಟ್ಟಾಗ ಮಂಪರು ಮದ್ದು ಸುರಕ್ಷಿತವಾದ, ಉಪಕಾರಿಯಾದ ವಿಧಾನ. ಭಯದಿಂದ ಹಲ್ಲನ್ನು ಕೊಳೆಯಲು ಬಿಟ್ಟು ನರಳುತ್ತಿರುವವರು ಅದರ ನೆರವು ಪಡೆಯಲು ಹಿಂಜರಿಯಬೇಕಿಲ್ಲ. ಆದರೆ ಅದರ ಜವಾಬ್ದಾರಿ ಮೂವರ ನಡುವೆ ಹಂಚಿದೆ. ಉಸಿರಿನ ಕಾವಲು ವೈದ್ಯರದು. ತನ್ನ ಕಾಯಿಲೆ, ಮಾತ್ರೆ, ಕುಡಿತ, ಉಂಡದ್ದನ್ನು ಮುಚ್ಚಿಡದೆ ಹೇಳುವುದು ರೋಗಿಯದು. ಚಿಕಿತ್ಸಾಲಯದ ಬಾಗಿಲು ದಾಟಿದ ಮೇಲಿನ ಒಂದು ದಿನ ಮನೆಯವರದು. ಆ ಒಂದು ದಿನಕ್ಕಾಗಿ ಯಾರು ರಜೆ ಹಾಕಿ ಜೊತೆಗಿರುತ್ತಾರೆ ಎಂಬುದನ್ನು ಮನೆಯಲ್ಲಿ ಮೊದಲು ಗೊತ್ತುಮಾಡಿಕೊಂಡು, ಆಮೇಲೆ ವೈದ್ಯರ ಬಳಿ ದಿನ ನಿಗದಿ ಮಾಡಿಸಿ.